ತಾಮ್ರದ ಚೊಂಬು ಮತ್ತು ಕನ್ನಡಿ ಪಥ್ಯ

ಪ್ರತಿ ಸೋಮವಾರ ಬೆಳಗ್ಗೆ, ಕಾಫಿಗೆ ನೀರಿಡುವುದಕ್ಕೂ ಮೊದಲು, ನಾನು ಮಾಡುವ ಒಂದು ಕೆಲಸವಿದೆ. ಹೇಳಿದರೆ ನೀವು ನಗುತ್ತೀರಿ. ನಗಿ, ನನಗೇನೂ ಬೇಸರವಿಲ್ಲ. ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣನ್ನು ನೆನೆಹಾಕಿ, ಹಿಸುಕಿ, ಚಿಟಿಕೆ ಉಪ್ಪು ಬೆರೆಸಿ, ಅಡುಗೆಮನೆಯ ಹಿಂದಿನ ಒಗೆಯುವ ಕಲ್ಲಿನ ಪಕ್ಕ, ಕುಕ್ಕರುಗಾಲಿಗೆ ಮಂಡಿ ಒಪ್ಪದ ಕಾರಣ ಪ್ಲಾಸ್ಟಿಕ್ ಸ್ಟೂಲೊಂದನ್ನು ಹಾಕಿಕೊಂಡು ಕುಳಿತು, ಒಂದು ಹಳೆಯ ತಾಮ್ರದ ಚೊಂಬನ್ನು ತಿಕ್ಕುತ್ತೇನೆ. ಹೊಟ್ಟೆಯ ಮೇಲೊಂದು ನೆಗ್ಗು ಬಿದ್ದಿರುವ, ಕಂಠ ಸ್ವಲ್ಪ ವಾಲಿರುವ, ಯಾವ ಅಂಗಡಿಯವನೂ ಎರಡನೆಯ ಸಲ ತಿರುಗಿ ನೋಡದ ಚೊಂಬು ಅದು. ನಮ್ಮ ಯಜಮಾನರು ಹಿತ್ತಿಲ ಬಾಗಿಲಲ್ಲಿ ನಿಂತು, "ಆ ಚೊಂಬಿಗೆ ಮಾಡೋ ಉಪಚಾರದಲ್ಲಿ ಕಾಲು ಭಾಗ ನಂಗೆ ಮಾಡಿದ್ರೆ ನಾನೂ ಹೊಳೀತಿದ್ದೆ ಕಣೇ" ಎನ್ನುತ್ತಾರೆ. ಅವರ ತಲೆ ಹುಣಸೆಹಣ್ಣಿನ ಹಂಗಿಲ್ಲದೆಯೇ ಹೊಳೆಯುತ್ತದೆ ಎಂದು ನಾನು ಹೇಳುತ್ತೇನೆ. ಇಷ್ಟಾದ ಮೇಲೆಯೇ ಅರಸೀಕೆರೆಯ ನಮ್ಮ ಮನೆಯಲ್ಲಿ ಕಾಫಿ.

ಹೆಂಗಸರ ಚೆಲುವಿಗೂ ತಾಮ್ರಕ್ಕೂ ಇರುವ ನಂಟನ್ನು ಕುರಿತು ನಾನು ಯೋಚಿಸುವುದು ಈ ಸ್ಟೂಲಿನ ಮೇಲೆಯೇ. ಯೋಚಿಸಿ ನೋಡಿ, ನಮ್ಮ ಬಾಲ್ಯದ ಸೌಂದರ್ಯವೆಲ್ಲ ಶುರುವಾಗುತ್ತಿದ್ದುದು ಬಚ್ಚಲಿನ ತಾಮ್ರದ ಹಂಡೆಯಿಂದ ಅಲ್ಲವೇ? ಹೊರಗೆ ಕಾಡಿಗೆಗಪ್ಪು, ಒಳಗೆ ಕೆಂಡಗೆಂಪು, ತೆಂಗಿನ ಮಟ್ಟೆಯ ಬೆಂಕಿಗೆ ಗುಂಯ್‌ಗುಟ್ಟುವ ಆ ಹಂಡೆಯ ನೀರನ್ನು ಎಣ್ಣೆ ಹಚ್ಚಿದ ತಲೆಯ ಮೇಲೆ ಸುರಿಸಿಕೊಂಡು, ಕಣ್ಣಿಗೆ ಬಿದ್ದ ಸೀಗೆಪುಡಿಗೆ ಲಬೋ ಎಂದು ಅತ್ತು, ಆಮೇಲೆ ಹಂಡೆಯಂತೆಯೇ ಕೆಂಪಗಾದ ಮುಖದಲ್ಲಿ ಹೊರಗೆ ಬಂದರೆ ಅದೇ ಚೆಲುವು. ಮಗು ಹುಟ್ಟಿದ ಮನೆಯಲ್ಲಿ ಹರಳೆಣ್ಣೆಯ ದೀಪದ ಮೇಲೆ ತಾಮ್ರದ ತಟ್ಟೆ ಕವುಚಿ, ಅಂಟಿದ ಮಸಿಯನ್ನು ಬೆಣ್ಣೆಯಲ್ಲಿ ಕಲಸಿದರೆ ಅದೇ ಕಾಡಿಗೆ. ದೂರದ ಈಜಿಪ್ಟಿನ ರಾಣಿಯರಂತೂ ತಾಮ್ರದ ಅದಿರಿನ ಹಸಿರು ಕಲ್ಲನ್ನು ತೇದು ರೆಪ್ಪೆಗೆ ಬಳಿದುಕೊಳ್ಳುತ್ತಿದ್ದರಂತೆ. ಪಾತ್ರೆಯಲ್ಲಿ ಹಸಿರು ಕಂಡರೆ ಕಿಲುಬು ಎಂದು ಬೆಚ್ಚುವ ನಮ್ಮಜ್ಜಿ ಆ ರಾಣಿಯರನ್ನು ಕಂಡಿದ್ದರೆ ಕುತ್ತಿಗೆ ಹಿಡಿದು ಹುಣಸೆಹಣ್ಣಲ್ಲಿ ತಿಕ್ಕಿಬಿಡುತ್ತಿದ್ದಳು. ಗಾಜಿನ ಕನ್ನಡಿ ಬರುವ ಮೊದಲು ಲೋಕದ ಸುಂದರಿಯರೆಲ್ಲ ತಮ್ಮನ್ನು ತಾವು ಕಂಡದ್ದು ತಾಮ್ರ ಕಂಚುಗಳ ಹೊಳಪಿನಲ್ಲೇ. ಬೇಲೂರಿನ ಗುಡಿಯ ಸೂರಿನಡಿ ಕೈಯಲ್ಲಿ ಕನ್ನಡಿ ಹಿಡಿದು ನಿಂತಿದ್ದಾಳಲ್ಲ, ದರ್ಪಣ ಸುಂದರಿ, ಅವಳ ಕೈಯಲ್ಲಿರುವುದೂ ಅಂಥ ಲೋಹದ ಕನ್ನಡಿಯೇ ಇರಬೇಕು. ಅದನ್ನು ಬೆಳಗ್ಗೆ ಎದ್ದು ತಿಕ್ಕುತ್ತಿದ್ದವಳು ಯಾರು ಎಂದು ಯಾವ ಶಿಲ್ಪಿಯೂ ಕೆತ್ತಲಿಲ್ಲ, ಇರಲಿ.

ನನ್ನ ಕಥೆಗೆ ಬರುತ್ತೇನೆ. ನಾನು ಹುಟ್ಟಿ ಬೆಳೆದದ್ದು ಹಾರನಹಳ್ಳಿಯಲ್ಲಿ. ಹನ್ನೊಂದನೆಯ ವಯಸ್ಸಿನಲ್ಲಿ ನನ್ನ ಎಡಗೆನ್ನೆಯ ಮೇಲೆ ಕಡಲೆಬೇಳೆಯಷ್ಟು ಒಂದು ಬಿಳಿ ಮಚ್ಚೆ ಕಾಣಿಸಿಕೊಂಡಿತು. ಈಗಿನವರು ಅದನ್ನು ಚರ್ಮದ ಬಣ್ಣ ಹೋಗುವುದು ಎಂದು ಸಮಾಧಾನವಾಗಿ ಹೇಳುತ್ತಾರೆ. ಆಗ ಊರಿನಲ್ಲಿ ಅದಕ್ಕಿದ್ದದ್ದು ತೊನ್ನು ಎಂಬ ಒಂದೇ ಹೆಸರು, ಅದನ್ನೂ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೇಳುತ್ತಿದ್ದರು. ಅಮ್ಮ ದೇವರ ಮನೆಯಲ್ಲಿ ಕುಳಿತು ಅತ್ತಳು. ಅಪ್ಪನ ತಾಯಿ, ನಮ್ಮಜ್ಜಿ, ಅಳುವ ಜಾತಿಯವಳಲ್ಲ. ಅಟ್ಟ ಹತ್ತಿ ತನ್ನ ತವರಿನಿಂದ ಬಂದಿದ್ದ ತಾಮ್ರದ ಚೊಂಬನ್ನು ಇಳಿಸಿದಳು.

"ತಾಮ್ರದ ನೀರು ಕುಡುದ್ರೆ ಬಣ್ಣ ಬತ್ತೈತೆ ಕಣ್ ಮಗ. ಒಂದೊರ್ಸ ಬಿಡ್ದಂಗೆ ಕುಡೀಬೇಕು. ಆದ್ರೆ ಪಥ್ಯ ಐತೆ" ಎಂದಳು.

ಪಥ್ಯವೆಂದರೆ ಬದನೆಕಾಯಿ ತಿನ್ನಬಾರದೇನೋ, ಹುಣಸೆಹುಳಿ ಮುಟ್ಟಬಾರದೇನೋ ಎಂದುಕೊಂಡಿದ್ದೆ. ಅಜ್ಜಿಯ ಪಥ್ಯ ಬೇರೆ. ಕನ್ನಡಿ ನೋಡಬಾರದು. ಮನೆಯದೂ ಕೂಡದು, ಅಂಗಡಿಯದೂ ಕೂಡದು, ಗೆಳತಿಯರ ಮನೆಯದಂತೂ ಕೂಡವೇ ಕೂಡದು. ನೋಡಿದರೆ ಆರೈಕೆ ಕೆಟ್ಟು ಮೊದಲಿನಿಂದ ಶುರುಮಾಡಬೇಕು. ನಮ್ಮ ಮನೆಯಲ್ಲಿದ್ದದ್ದು ಒಂದೇ ಕನ್ನಡಿ, ಅಪ್ಪ ಗಡ್ಡ ಹೆರೆದುಕೊಳ್ಳುವ ಅಂಗೈಯಗಲದ್ದು. ಅಜ್ಜಿ ಅದನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಸೇರಿಸಿದಳು. ಪಾಪ, ಅಪ್ಪ ಅಂದಿನಿಂದ ಗಡ್ಡಕ್ಕೆ ಊರ ಕ್ಷೌರದಂಗಡಿಗೆ ಹೋಗತೊಡಗಿದರು.

ಹಾಗಾದರೆ ಮುಖ ನೋಡಿಕೊಳ್ಳುವುದು ಹೇಗೆ? ಅದಕ್ಕೂ ಅಜ್ಜಿಯ ಬಳಿ ದಾರಿಯಿತ್ತು. ದಿನಾ ಬೆಳಗಿನ ಜಾವ ಹುಣಸೆಹಣ್ಣಿನಲ್ಲಿ ಚೊಂಬಿನ ಹೊರಮೈಯನ್ನು ತಿಕ್ಕಿ ತಿಕ್ಕಿ ಹೊಳೆಸಿ, ನಾನು ಅದರೊಳಗಿನ ನೀರು ಕುಡಿದು ಮುಗಿಸಿದ ಮೇಲೆ, ಚೊಂಬನ್ನು ನನ್ನ ಮುಖದ ಮುಂದೆ ಹಿಡಿಯುತ್ತಿದ್ದಳು. "ನೋಡ್ಕ. ನೆನ್ನೆಗಿಂತ ಕಮ್ಮಿ ಆಗೈತೆ." ನೋಡಿದರೆ ಹೌದು! ಹೊಸ ಹೆಂಚಿನ ಬಣ್ಣದ, ಸ್ವಲ್ಪ ಅಗಲವಾದ, ಸ್ವಲ್ಪ ಮಸುಕಾದ ಒಂದು ಮುಖ ನನ್ನನ್ನೇ ನೋಡಿ ಕಣ್ಣರಳಿಸುತ್ತಿತ್ತು. ಅದರ ಕೆನ್ನೆಯ ಮೇಲೆ ಮಚ್ಚೆಯ ಸುಳಿವೂ ಇರಲಿಲ್ಲ. ತಾಮ್ರಕ್ಕೆ ಗೊತ್ತಿರುವುದು ಒಂದೇ ಬಣ್ಣ, ತನ್ನದು. ಎದುರಿಗೆ ಯಾರೇ ಬಂದು ನಿಂತರೂ ಅದು ಅದೇ ಬಣ್ಣ ಬಳಿದು ಕಳಿಸುತ್ತದೆ ಎಂಬುದು ಹನ್ನೊಂದು ವರ್ಷದ ಹುಡುಗಿಗೆ ಹೇಗೆ ತಿಳಿಯಬೇಕು? ನಾನು ಕುಣಿಯುತ್ತಾ ಶಾಲೆಗೆ ಹೋಗುತ್ತಿದ್ದೆ. ಯಾರಾದರೂ ನನ್ನ ಕೆನ್ನೆ ನೋಡಿದರೆ, ಎಷ್ಟು ಬೇಗ ವಾಸಿಯಾಯಿತು ಎಂದು ಬೆರಗಾಗಿ ನೋಡುತ್ತಿದ್ದಾರೆ ಎಂದೇ ಭಾವಿಸುತ್ತಿದ್ದೆ. ಇಂಥ ಭ್ರಮೆಯಲ್ಲಿ ನಾನು ಒಂದು ವರ್ಷ ಪೂರ್ತಿ ಕಳೆದೆ, ಮತ್ತು ನಿಜ ಹೇಳಬೇಕೆಂದರೆ ಅಷ್ಟು ಸುಖವಾದ ವರ್ಷ ಮತ್ತೊಂದಿಲ್ಲ.

ಆಮೇಲೆ ಬಂತು ಶಾಲೆಯ ಪ್ರವಾಸ. ಹಳೇಬೀಡು ನೋಡಿಕೊಂಡು ಬೇಲೂರಿಗೆ ಹೋದೆವು. ಮೇಷ್ಟ್ರು ಕೋಲೆತ್ತಿ ದರ್ಪಣ ಸುಂದರಿಯನ್ನು ತೋರಿಸಿ, ಅವಳ ಬೆರಳು ನೋಡಿ, ಅವಳ ಮುಡಿ ನೋಡಿ ಎನ್ನುತ್ತಿದ್ದರೆ ನಾನು ಅವಳ ಕನ್ನಡಿಯನ್ನೇ ನೋಡುತ್ತಾ, ನಿನಗೆ ಪಥ್ಯವಿಲ್ಲ, ಪುಣ್ಯವಂತೆ ಎಂದುಕೊಂಡೆ. ಗುಡಿಯ ಹೊರಗೆ ಬಳೆಯಂಗಡಿಗಳ ಸಾಲು. ಪಕ್ಕದ ಬೆಂಚಿನ ಗೆಳತಿಯೊಬ್ಬಳು ಪುಟ್ಟ ಗುಂಡು ಕನ್ನಡಿ ಕೊಂಡು, ಬಿಸಿಲನ್ನು ಎಲ್ಲರ ಕಣ್ಣಿಗೂ ಕುಕ್ಕಿಸಿ, ಕೊನೆಗೆ, "ತಗೊಳೇ, ನೀನೂ ನೋಡ್ಕೊ" ಎಂದು ನನ್ನ ಮುಖದ ಮುಂದೆಯೇ ಹಿಡಿದಳು. ಕಣ್ಣು ಮುಚ್ಚುವಷ್ಟರಲ್ಲಿ ನೋಡಿಯಾಗಿತ್ತು. ಕಡಲೆಬೇಳೆಯಷ್ಟಿದ್ದದ್ದು ವೀಳ್ಯದೆಲೆಯ ಚಿಗುರಿನಷ್ಟಾಗಿ, ಕಿವಿಯ ಕಡೆಗೆ ಒಂದು ತುದಿಯನ್ನೂ ಚಾಚಿತ್ತು.

ಮನೆಗೆ ಬಂದವಳೇ ಚೊಂಬನ್ನು ಎತ್ತಿ ಹಿತ್ತಿಲ ಒಗೆಯುವ ಕಲ್ಲಿಗೆ ಬೀಸಿದೆ. ಚೊಂಬು ಠಣ್ಣೆಂದು ಉರುಳಿ ತೆಂಗಿನ ಪಾತಿಗೆ ಬಿತ್ತು. "ಸುಳ್ಳಿ! ನೀನು ಸುಳ್ಳಿ!" ಎಂದು ಅಜ್ಜಿಯ ಮುಖಕ್ಕೆ ಹೊಡೆದಂತೆ ಕಿರುಚಿದೆ.

ಅಜ್ಜಿ ಪಾತಿಗೆ ಇಳಿದು ಚೊಂಬನ್ನು ಎತ್ತಿಕೊಂಡಳು. "ಚೊಂಬೇನ್ ಮಾಡ್ತವ್ವ ನಿಂಗೆ? ಹೊಡೆಯಂಗಿದ್ರೆ ನನ್ನ ಹೊಡಿ" ಎಂದಳು. ಅಷ್ಟೇ. ಮಾರನೆಯ ದಿನ ಬೆಳಗ್ಗೆ ಎದ್ದು ನೋಡಿದರೆ ಚೊಂಬು ಎಂದಿನಂತೆ ಫಳಫಳ ಹೊಳೆಯುತ್ತಾ, ನೆಗ್ಗನ್ನು ಗೋಡೆಯ ಕಡೆ ತಿರುಗಿಸಿಕೊಂಡು, ನೀರು ತುಂಬಿಕೊಂಡು ಕುಳಿತಿತ್ತು. ನಾನು ನೀರು ಕುಡಿದೆ. ಮುಖ ನೋಡಿಕೊಳ್ಳಲಿಲ್ಲ. ಅಜ್ಜಿಯೂ ಚೊಂಬನ್ನು ಎತ್ತಿ ಹಿಡಿಯಲಿಲ್ಲ. ನಾವಿಬ್ಬರೂ ಆ ಮಾತನ್ನು ಮತ್ತೆಂದೂ ಆಡಲಿಲ್ಲ, ಆಡಬೇಕೆನಿಸುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಆ ಸಂಕಟ ನನಗೆ ಇವತ್ತಿಗೂ ಇದೆ.

ಮುಂದಿನದೆಲ್ಲ ಸಾಧಾರಣ ಬದುಕು. ಓದಿದೆ, ಹೈಸ್ಕೂಲಿನಲ್ಲಿ ಕನ್ನಡ ಟೀಚರಾದೆ. ಮಚ್ಚೆ ಬೆಳೆದು ಬೆಳೆದು, ಭೂಪಟದಲ್ಲಿ ಗುರುತಿಸಬಹುದಾದ ಒಂದು ಕೆರೆಯಷ್ಟಾಗಿ, ಸಾಕೆನಿಸಿ ತಾನೇ ನಿಂತುಬಿಟ್ಟಿತು. ನೋಡಲು ಬಂದ ಗಂಡುಗಳಲ್ಲಿ ಇಬ್ಬರು ಉಪ್ಪಿಟ್ಟು ತಿಂದು ಸುದ್ದಿಯಿಲ್ಲದೆ ಹೋದರು. ಮೂರನೆಯವರು ಎರಡನೆಯ ಸಲ ಉಪ್ಪಿಟ್ಟು ಹಾಕಿಸಿಕೊಂಡರು, ಅವರೇ ನಮ್ಮ ಯಜಮಾನರು. ಗಂಡನ ಮನೆಗೆ ಬರುವಾಗ ಅಮ್ಮ ಟ್ರಂಕಿನಲ್ಲಿ ಚೊಂಬನ್ನೂ ಅಪ್ಪನ ಅಂಗೈಯಗಲದ ಕನ್ನಡಿಯನ್ನೂ ಒಟ್ಟಿಗೆ ಇಟ್ಟು ಕಳಿಸಿದಳು. ಚೊಂಬು ಅಟ್ಟಕ್ಕೆ ಹೋಯಿತು, ಕನ್ನಡಿ ಟ್ರಂಕಿನಲ್ಲೇ ಉಳಿಯಿತು. ಮಚ್ಚೆಯ ವಿಷಯವನ್ನು ನಾನು ಮರೆತೇಬಿಟ್ಟಿದ್ದೇನೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಬಸ್ಸು ಹತ್ತಿದರೆ ಎಡಗಡೆಯ ಕಿಟಕಿ ಸೀಟೇ ಬೇಕು ಎಂದು ಹಟ ಹಿಡಿಯುವುದೊಂದು ಬಿಟ್ಟರೆ ನನ್ನಷ್ಟು ನಿರುಪದ್ರವಿ ಹೆಂಗಸು ಮತ್ತೊಬ್ಬಳಿಲ್ಲ ಎಂದು ಯಜಮಾನರೇ ಒಪ್ಪಿದ್ದಾರೆ. ಆ ಸೀಟಿಗೆ ಗಾಳಿ ಚೆನ್ನಾಗಿ ಬರುತ್ತದೆ ಎಂಬುದು ನನ್ನ ಸಮಜಾಯಿಷಿ.

ಹೀಗಿರುವಾಗ ಹೋದ ವರ್ಷ ಹಳೇಬೀಡಿನಲ್ಲಿರುವ ನನ್ನ ತಮ್ಮನ ಮಗಳು ಇಂಚರ, ನಾಲ್ಕು ದಿನ ಇದ್ದು ಹೋಗುತ್ತೇನೆ ಎಂದು ಬ್ಯಾಗು ಹೊತ್ತು ನಮ್ಮ ಮನೆಗೆ ಬಂದಳು. ಇಂಚರ ಬೇಲೂರಿನಲ್ಲಿ ಪ್ರವಾಸಿಗಳಿಗೆ ಗುಡಿ ತೋರಿಸುವ ಗೈಡು. ಇಪ್ಪತ್ತೈದರ ಹುಡುಗಿ, ಗಂಡಸು ಗೈಡುಗಳ ನಡುವೆ ಬಾಯಿ ಗಟ್ಟಿ ಮಾಡಿಕೊಂಡು ನಿಂತವಳು. ಅವಳು ದರ್ಪಣ ಸುಂದರಿಯ ಮುಂದೆ ನಿಂತು ಮಾತಾಡತೊಡಗಿದರೆ ಪಕ್ಕದ ಗೈಡಿನ ಗುಂಪೂ ಮೆಲ್ಲಗೆ ಇವಳ ಕಡೆಗೆ ಜರುಗುತ್ತದೆ ಎಂದು ನನ್ನ ತಮ್ಮ ಬೀಗುತ್ತಿದ್ದ. ಅಂಥವಳು ನಾಲ್ಕು ದಿನ ಕಳೆದರೂ ಹೊರಡಲಿಲ್ಲ, ಎಂಟಾದರೂ ಹೊರಡಲಿಲ್ಲ. ಮನೆಯೊಳಗೂ ಮುಖಕ್ಕೆ ಕ್ರೀಮು ಬಳಿದೇ ಇರುತ್ತಿದ್ದಳು. ಹತ್ತನೆಯ ದಿನ ಬಚ್ಚಲಿನಿಂದ ಬಂದವಳ ತೊಳೆದ ಮುಖ ನೋಡಿಬಿಟ್ಟೆ. ಎಡಗೆನ್ನೆಯ ಮೇಲೆ, ನನ್ನ ಜಾಗದಲ್ಲೇ, ಕಡಲೆಬೇಳೆಯಷ್ಟು.

ಅವಳು ಟವೆಲಿನಲ್ಲಿ ಮುಖ ಮುಚ್ಚಿಕೊಂಡು, "ನಾನಿನ್ನು ಅಲ್ಲಿಗೆ ಹೋಗಲ್ಲ ಅತ್ತೆ. ದಿನಾ ನೂರು ಜನ ನನ್ನ ಮುಖಾನೇ ನೋಡ್ತಿರ್ತಾರೆ. ಸುಂದರಿ ತೋರಿಸ್ತಾ ನಿಂತಿರೋಳ ಕೆನ್ನೆ ಮೇಲೆ ಇದು ಇದ್ರೆ ಹೆಂಗೆ ಹೇಳಿ" ಎಂದಳು. ಆಮೇಲೆ ಬ್ಯಾಗಿನಿಂದ ಒಂದು ಪುಟ್ಟ ಸೀಸೆ ತೆಗೆದು ತೋರಿಸಿದಳು. ಒಳಗೆ ನವಿಲುಗತ್ತಿನ ನೀಲಿ ಬಣ್ಣದ ನೀರು. ಅದರಲ್ಲಿ ತಾಮ್ರವಿದೆಯಂತೆ, ರಾತ್ರಿ ಎರಡು ಹನಿ ಹಚ್ಚಿದರೆ ಚರ್ಮ ಹೊಸದಾಗುತ್ತದಂತೆ. ನಾನು ನಗಬಾರದಿತ್ತು, ನಕ್ಕೆ. ಐವತ್ತು ವರ್ಷದ ಕೆಳಗೆ ನಮ್ಮಜ್ಜಿ ಅಟ್ಟದಿಂದ ಇಳಿಸಿದ ಚೊಂಬು ಎಲ್ಲೆಲ್ಲೋ ಸುತ್ತಿ, ಸೀಸೆಯ ವೇಷ ಹಾಕಿಕೊಂಡು, ಮತ್ತೆ ನಮ್ಮ ಮನೆಯ ಹುಡುಗಿಯ ಕೈಗೇ ಬಂದು ಕುಳಿತಿತ್ತು!

ನಕ್ಕದ್ದಕ್ಕೆ ಅವಳು ಮುನಿಸಿಕೊಂಡಳು. ಮುನಿಸು ಕಳೆಯಲೆಂದು ನಾನು ಅಟ್ಟದಿಂದ ಚೊಂಬನ್ನು ಇಳಿಸಿ, ತೊಳೆದು, "ಸೀಸೆಗಿಂತ ಇದು ದೊಡ್ಡದು, ಬೇಕಾದ್ರೆ ರಾತ್ರಿ ನೀರಿಟ್ಟು ಬೆಳಗ್ಗೆ ಕುಡಿ" ಎಂದು ಕೊಟ್ಟೆ. ಕೊಟ್ಟವಳು ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ತಾಮ್ರದಲ್ಲಿ ಹುಳಿ ಇಡಬಾರದು ಎಂಬುದನ್ನು ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ, ಬೆಂಕಿ ಮುಟ್ಟಬಾರದು ಎಂಬಂತೆ ಅದು ಮನೆಯ ಗಾಳಿಯಲ್ಲೇ ಇತ್ತು. ಹಾಗಾಗಿ ಅದು ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡೆ. ಹುಣಸೆಹಣ್ಣು ಚೊಂಬಿನ ಹೊರಮೈಗೆ ಅಮೃತ, ಒಳಗಿಟ್ಟರೆ ವಿಷ. ಆದರೆ ಸ್ಟೀಲು ಪಾತ್ರೆಗಳ ಮನೆಯಲ್ಲಿ ಬೆಳೆದ ಹುಡುಗಿಗೆ ಆ ಗಾಳಿ ಎಲ್ಲಿಂದ ಬರಬೇಕು? ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ, ಚೊಂಬಿನ ನೀರಿಗೆ ಎರಡು ನಿಂಬೆಹಣ್ಣು ಹಿಂಡಿ, ಜೇನುತುಪ್ಪ ಕಲಸಿ, ಮುಚ್ಚಿಟ್ಟು ಮಲಗಿದಳು. ಬೆಳಗ್ಗೆ ಎದ್ದು, ಕಹಿಯಾಗಿದ್ದರೆ ಗುಣ ಹೆಚ್ಚು ಎಂದುಕೊಂಡು, ಮೂಗು ಹಿಡಿದು ಗಟಗಟನೆ ಕುಡಿದುಬಿಟ್ಟಳು.

ಎಂಟು ಗಂಟೆಯೊಳಗೆ ಮೂರು ಸಲ ವಾಂತಿ. ಯಜಮಾನರು ಆಟೋ ತಂದರು. ಡಾಕ್ಟರು ನಾಲಿಗೆ ನೋಡಿ, ಹೊಟ್ಟೆ ಒತ್ತಿ, ವಿಷಯ ಕೇಳಿ, ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಟೀಚರಾಗಿದ್ದೋರು ನೀವು, ಹುಳಿ ಹಾಕ್ಬೇಡ ಅಂತ ಒಂದು ಮಾತು ಹೇಳೋದಲ್ವೇನಮ್ಮ?" ಎಂದರು. ಮಚ್ಚೆಯನ್ನೂ ನೋಡಿ, ಅದು ಅಂಟುವ ಕಾಯಿಲೆಯಲ್ಲ, ಯಾರ ತಪ್ಪೂ ಅಲ್ಲ, ಹಾಸನದಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿ, ಚೊಂಬಿನಿಂದಲೂ ಸೀಸೆಯಿಂದಲೂ ಅದು ಹೋಗುವುದಿಲ್ಲ ಎಂದು ಹೇಳಿ ಕಳಿಸಿದರು. ಮನೆಗೆ ಬಂದು ನೋಡಿದರೆ ಚೊಂಬಿನ ಒಳಮೈ, ಹುಳಿನೀರು ನಿಂತಿದ್ದಷ್ಟು ಎತ್ತರಕ್ಕೆ, ಮದುಮಗಳಂತೆ ಹೊಳೆಯುತ್ತಿತ್ತು. ಹುಡುಗಿಯ ಮುಖ ಮಾತ್ರ ಬಾಡಿದ ಬಾಳೆಯೆಲೆ.

ಸಂಜೆ ಗಂಜಿ ಕುಡಿಸುತ್ತಾ ಅವಳಿಗೆ ಅಜ್ಜಿಯ ಕಥೆಯನ್ನೆಲ್ಲ ಹೇಳಿದೆ. ಕನ್ನಡಿ ಪಥ್ಯ, ಪ್ರವಾಸ, ಕಲ್ಲಿಗೆ ಬೀಸಿದ್ದು, ನೆಗ್ಗು, ಎಲ್ಲ. ಅವಳು ಚೊಂಬಿನಲ್ಲಿ ಮುಖ ನೋಡಿಕೊಂಡು, ಹೌದಲ್ಲ ಎಂದು ಬಾಯಿ ಬಿಟ್ಟಳು. ನೆಗ್ಗಿನ ಜಾಗದಲ್ಲಿ ಮೂಗು ಎರಡಾದುದನ್ನು ಕಂಡು ಹತ್ತು ದಿನದಲ್ಲಿ ಮೊದಲ ಸಲ ನಕ್ಕಳು. ನನಗೆ ಉಮೇದು ಬಂತು, ಹಳೆಯ ಟೀಚರಲ್ಲವೇ, ಪಾಠ ಶುರುಮಾಡಿದೆ. ಮಚ್ಚೆಯಲ್ಲಿ ಏನಿದೆ, ನಾನು ಬದುಕಿಲ್ಲವೇ, ನಾನೆಂದಾದರೂ ಮುಚ್ಚಿಕೊಂಡಿದ್ದೇನೆಯೇ, ಮುಖಕ್ಕಿಂತ ಮಾತು ದೊಡ್ಡದು, ಇತ್ಯಾದಿ ಇತ್ಯಾದಿ.

ಅವಳು ಎದ್ದು ಹೋಗಿ ಬೀರುವಿನಿಂದ ನಮ್ಮ ಫೋಟೋ ಆಲ್ಬಮ್ಮುಗಳನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು. "ಹತ್ತು ದಿನದಿಂದ ಇದನ್ನೇ ನೋಡ್ತಿದ್ದೆ. ನಿಮ್ಮ ಎಡಗೆನ್ನೆ ಇರೋ ಒಂದು ಫೋಟೋ ತೋರ್ಸಿ ಅತ್ತೆ, ನಾಳೇನೇ ಬೇಲೂರಿಗೆ ಹೋಗ್ತೀನಿ" ಎಂದಳು.

ತೋರಿಸೋಣ, ಅದೇನು ಮಹಾ ಎಂದು ಹುಡುಕಲು ಕುಳಿತೆ. ಮದುವೆಯ ಫೋಟೋದಲ್ಲಿ ನಾಚಿ ಮುಖ ಹೊರಳಿಸಿದ್ದೇನೆ. ಶಾಲೆಯ ಗುಂಪಿನಲ್ಲಿ ಪಕ್ಕದವರೊಡನೆ ಮಾತಾಡುತ್ತಿದ್ದೇನೆ. ಗೃಹಪ್ರವೇಶದಲ್ಲಿ ಸೆರಗು ಗಾಳಿಗೆ ಕೆನ್ನೆಗೆ ಬಂದಿದೆ. ನಿವೃತ್ತಿಯ ದಿನ ಹಾಕಿದ ಹಾರದ ಹಿಂದೆ ಬಲಗೆನ್ನೆಯೊಂದೇ ನಗುತ್ತಿದೆ. ಮೂವತ್ತೈದು ವರ್ಷ, ಮೂರು ಆಲ್ಬಮ್ಮು, ಒಂದೂ ಇಲ್ಲ. ಆಗ ನನಗೆ ಇನ್ನೊಂದೂ ಹೊಳೆಯಿತು. ಪಾಠ ಮಾಡುವಾಗ ಎಡಗೆನ್ನೆ ಗೋಡೆಯ ಕಡೆಗೇ ಇರುವಂತೆ ಓಡಾಡುತ್ತಿದ್ದೆ. ಬಸ್ಸಿನ ಎಡಗಡೆಯ ಕಿಟಕಿ ಸೀಟು ಗಾಳಿಗಾಗಿ ಅಲ್ಲ. ಅಯ್ಯೋ ನನ್ನ ಶಿವನೇ, ಅಷ್ಟು ವರ್ಷದಿಂದ ನಾನು ಊರಿಗೆಲ್ಲ ಅರ್ಧ ಮುಖವನ್ನೇ ತೋರಿಸಿಕೊಂಡು ಬಂದಿದ್ದೆ, ಮತ್ತು ಮರೆತಿದ್ದೇನೆ ಎಂದು ಜಂಬ ಕೊಚ್ಚುತ್ತಿದ್ದೆ! ನನಗೆ ನಾಚಿಕೆಯಾಯಿತು. ಅಳುವೂ ಬಂತು. ಗಂಜಿ ಕುಡಿಯಬೇಕಾದವಳೇ ನನ್ನ ಬೆನ್ನು ಸವರಿದಳು.

"ಒಂದ್ ಕೆಲ್ಸ ಮಾಡೋಣ" ಎಂದಳು. "ನಾನು ಏನೂ ಹಚ್ಕೊಳ್ದೆ ಹೋಗ್ತೀನಿ. ನೀವೂ ಬರ್ಬೇಕು. ಗುಂಪಲ್ಲಿ ಮುಂದೆ ನಿಂತ್ಕೋಬೇಕು. ಚೊಂಬು ನಾನು ತಗೋತೀನಿ."

ಶನಿವಾರ ಹೊರಟೆವು. ಬಸ್ಸಿನಲ್ಲಿ ಅಭ್ಯಾಸಬಲ, ಎಡಗಡೆಯ ಕಿಟಕಿಗೇ ಹೋಗಿ ಕುಳಿತೆ. ಅವಳು ನೋಡಿ ತುಟಿ ಕಚ್ಚಿ ನಕ್ಕಳು. ಬೇಲೂರಿನಲ್ಲಿ ಅವಳಿಗೆ ಸಿಕ್ಕ ಗುಂಪಿನಲ್ಲಿ ಅರೇಹಳ್ಳಿ ಕಡೆಯ ಒಂದು ದೊಡ್ಡ ಕುಟುಂಬವಿತ್ತು. ಚುರುಕಿನ ಒಬ್ಬ ಅಜ್ಜಿ, ಅವರ ಮಕ್ಕಳು ಸೊಸೆಯಂದಿರು, ಎರಡು ಜಡೆಯ ಒಬ್ಬ ಮೊಮ್ಮಗಳು. ಇಂಚರಳ ದನಿ ಮೊದಲು ಸಣ್ಣಗಿತ್ತು, ಕೈ ಪದೇ ಪದೇ ಕೆನ್ನೆಯ ಬಳಿಗೆ ಹೋಗುತ್ತಿತ್ತು. ದರ್ಪಣ ಸುಂದರಿಯ ಕೆಳಗೆ ಬಂದಾಗ ಚೀಲದಿಂದ ಚೊಂಬನ್ನು ತೆಗೆದಳು. "ಇವಳ ಕಾಲದಲ್ಲಿ ನಮ್ಮಂಥ ಗಾಜಿನ ಕನ್ನಡಿ ಇರ್ಲಿಲ್ಲ. ಲೋಹಾನ ಉಜ್ಜಿ ಉಜ್ಜಿ ಹೊಳೆಸಿ ಅದ್ರಲ್ಲಿ ಮುಖ ನೋಡ್ಕೋತಿದ್ರು. ಇವಳಿಗೆ ತನ್ನ ಮುಖ ಹೆಂಗೆ ಕಾಣ್ತಿತ್ತು ಅಂತ ನೋಡ್ಬೇಕಾ? ಒಬ್ಬೊಬ್ರೇ ನೋಡ್ಕೊಳ್ಳಿ" ಎಂದು ಕೊಟ್ಟಳು.

ಗುಂಪಿನ ಅಜ್ಜಿಗೇ ಮೊದಲ ಪಾಳಿ. ಅವರು ಚೊಂಬನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಬೊಚ್ಚುಬಾಯಿ ಅಗಲಿಸಿದರು. "ಅಯ್ಯ, ಇದ್ರಾಗೆ ಸುಕ್ಕೇ ಕಾಣಲ್ವಲ್ಲವ್ವ! ಮದ್ವೆ ದಿನ ಹಿಂಗೇ ಇದ್ದೆ ನಾನು" ಎಂದು ಹೇಳಿ, ಸೊಸೆ ಕೇಳಿದರೂ ಚೊಂಬನ್ನು ಬಿಡಲೊಲ್ಲರು. ಗುಂಪೆಲ್ಲ ಗೊಳ್ಳೆಂದಿತು. ಮೊಡವೆ ಇದ್ದವರು, ಕಣ್ಣಿನ ಕೆಳಗೆ ಕಪ್ಪಾದವರು, ಬಿಳಿಚಿದವರು, ಎಲ್ಲರೂ ಸರದಿಯಲ್ಲಿ ನಿಂತು ನೋಡಿಕೊಂಡರು, ಎಲ್ಲರೂ ಒಂದೇ ಬಣ್ಣದಲ್ಲಿ ಹೊರಗೆ ಬಂದರು. ಆ ಅಜ್ಜಿಯ ಮುಖದ ಖುಷಿ ನೋಡುತ್ತಾ ನನಗೆ ನಮ್ಮಜ್ಜಿಯ ಮೇಲಿದ್ದ ಹಳೆಯ ಸಿಟ್ಟು ಕರಗಿತು. ಅವಳು ಮಾಡಿದ್ದು ತಪ್ಪೇ, ಸುಳ್ಳು ಸುಳ್ಳೇ. ಆದರೆ ದಿನಾ ಬೆಳಗಿನ ಜಾವ ಎದ್ದು, ಬೆರಳಿನ ಸಂದು ಹುಳಿಗೆ ಉರಿಯುವ ತನಕ ತಿಕ್ಕಿ, ಮೊಮ್ಮಗಳಿಗೆ ಒಂದು ಒಳ್ಳೆಯ ಮುಖ ಕೊಟ್ಟು ಶಾಲೆಗೆ ಕಳಿಸಿದಳಲ್ಲ. ನನ್ನ ಅಜ್ಜಿ ನನ್ನನ್ನು ತುಂಬ ಪ್ರೀತಿಸಿದ್ದಳು.

ಅಷ್ಟರಲ್ಲಿ ಎರಡು ಜಡೆಯ ಹುಡುಗಿ ಚೊಂಬನ್ನೂ ನೋಡಿ, ಇಂಚರಳ ಮುಖವನ್ನೂ ನೋಡಿ, ಎಲ್ಲರಿಗೂ ಕೇಳುವಂತೆ, "ಅಕ್ಕ, ನಿಮ್ಮ ಕೆನ್ನೆ ಮೇಲೆ ಬೆಳ್ಳಗೆ ಏನದು? ಚೊಂಬಲ್ಲಿ ಕಾಣ್ಸಲ್ಲ" ಎಂದಳು. ಅವಳಮ್ಮ, ಏಯ್ ಎಂದು ಗದರಿಸಿದಳು. ಇಂಚರಳ ಕೈ ಕೆನ್ನೆಯತ್ತ ಹೊರಟದ್ದನ್ನು ನಾನು ಕಂಡೆ. ಹೊರಟ ಕೈ ಅರ್ಧದಲ್ಲಿ ನಿಂತಿತು.

"ಇದಾ? ಇದು ನಮ್ಮ ಅತ್ತೆ ಕಡೆಯಿಂದ ಬಂದಿದ್ದು" ಎಂದಳು, ದನಿ ಗಟ್ಟಿಯಾಗಿತ್ತು. "ಚರ್ಮದ ಬಣ್ಣ ಹೋಗಿದೆ ಅಷ್ಟೇ, ನೋಯಲ್ಲ, ಯಾರಿಗೂ ಅಂಟಲ್ಲ. ನೋಡು, ಅಲ್ಲಿ ಮುಂದೆ ನಿಂತಿದಾರಲ್ಲ, ಅವ್ರೇ ನಮ್ಮತ್ತೆ. ಅವ್ರದು ಇನ್ನೂ ದೊಡ್ಡದು."

ಇಪ್ಪತ್ತು ಮುಖಗಳು ನನ್ನತ್ತ ತಿರುಗಿದವು. ಆಗ ಗೊತ್ತಾಯಿತು, ನನ್ನ ಬಲಗೈ ಯಾವಾಗಲೋ ಸೆರಗನ್ನು ಎಳೆದು ಎಡಗೆನ್ನೆಗೆ ಹಿಡಿದಿದೆ. ಮಗು ನನ್ನ ಮುಂದೆ ಬಂದು ಕತ್ತೆತ್ತಿ ನಿಂತಿತ್ತು. ಅದರ ಹಿಂದೆ ಇಂಚರ, ಅವಳ ಕಣ್ಣಿನಲ್ಲಿ, ಅತ್ತೆ, ಈಗ ಕೈಬಿಡಬೇಡಿ ಎಂಬ ಬೇಡಿಕೆ. ಸೆರಗನ್ನು ಬಿಡುವುದು ಅಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಬಿಟ್ಟೆ. ಬಗ್ಗಿ ಎಡಗೆನ್ನೆಯನ್ನು ಮಗುವಿನ ಕಡೆಗೆ ಒಡ್ಡಿದೆ.

ಮಗು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿತು. "ಮೆತ್ತಗೈತೆ" ಎಂದಿತು. ಅಷ್ಟೇ ಅದರ ತೀರ್ಮಾನ. ಮರುಕ್ಷಣವೇ ಚೊಂಬಿನ ನೆಗ್ಗಿನಲ್ಲಿ ಎರಡು ಮೂಗು ನೋಡಿಕೊಳ್ಳಲು ಅಜ್ಜಿಯೊಡನೆ ಜಗಳಕ್ಕೆ ನಿಂತಿತು.

ಅವತ್ತು ಇಂಚರ ಬೇಲೂರಿನಲ್ಲೇ ಉಳಿದಳು. ಭಾನುವಾರಕ್ಕೆ ಎರಡು ಗುಂಪು ಒಪ್ಪಿಕೊಂಡಿದ್ದಳು. ನಾನೊಬ್ಬಳೇ ಅರಸೀಕೆರೆಯ ಬಸ್ಸು ಹತ್ತಿದೆ. ಎಡಗಡೆಯ ಕಿಟಕಿ ಸೀಟು ಖಾಲಿಯಿತ್ತು. ಅದನ್ನು ದಾಟಿ ಬಲಗಡೆಯ ಕಿಟಕಿಗೆ ಹೋಗಿ ಕುಳಿತೆ. ಎಡಗೆನ್ನೆ ಬಸ್ಸಿನ ಜನಕ್ಕೆಲ್ಲ ಕಾಣುವಂತಿತ್ತು. ನೋಡುವವರು ನೋಡಿದರು, ಕಂಡಕ್ಟರು ಟಿಕೆಟ್ಟು ಕೊಟ್ಟು ಮುಂದೆ ಹೋದ. ಗಾಳಿ ಈ ಕಡೆಗೂ ಚೆನ್ನಾಗಿಯೇ ಬರುತ್ತದೆ.

ಈಗ ಇಂಚರ ಹಾಸನದ ಡಾಕ್ಟರು ಕೊಟ್ಟ ಔಷಧ ಹಚ್ಚುತ್ತಿದ್ದಾಳೆ, ಫಲ ಬಂದರೆ ಸಂತೋಷ, ಬಾರದಿದ್ದರೂ ಕೆಲಸ ನಿಂತಿಲ್ಲ. ಪ್ರತಿ ಭಾನುವಾರ ಸಂಜೆ ಅವಳು ನಮ್ಮ ಮನೆಗೆ ಬರುತ್ತಾಳೆ, ಅವಳ ಚೀಲದಲ್ಲಿ ಚೊಂಬು. ವಾರವಿಡೀ ಯಾರು ಯಾರೋ ಹಿಡಿದು ನೋಡಿ ನಕ್ಕ ಬೆರಳಿನ ಗುರುತುಗಳಿಂದ ಕಪ್ಪಾಗಿ ಬಂದಿರುತ್ತದೆ. ಆ ನೆಗ್ಗನ್ನು ಪಾತ್ರೆ ರಿಪೇರಿಯವನ ಹತ್ತಿರ ತೆಗೆಸುತ್ತೇನೆ ಎಂದರೆ, "ಕೈ ಹಚ್ಚಿದ್ರೆ ನೋಡಿ ಮತ್ತೆ, ಜನ ನಗೋದೇ ಅದಕ್ಕೆ" ಎಂದು ಜಬರಿಸುತ್ತಾಳೆ. ಅದಕ್ಕೇ ನನ್ನ ಸೋಮವಾರದ ಹುಣಸೆಹಣ್ಣು. ತಿಕ್ಕಿ, ತೊಳೆದು, ಒರೆಸಿ, ಮೊದಲು ಚೊಂಬಿನಲ್ಲಿ ಮುಖ ನೋಡಿಕೊಳ್ಳುತ್ತೇನೆ, ಅಜ್ಜಿಯ ಹೆಸರಿನಲ್ಲಿ. ಆಮೇಲೆ, ಟ್ರಂಕಿನಿಂದ ತೆಗೆದು ಹಿತ್ತಿಲ ಗೋಡೆಗೆ ನೇತುಹಾಕಿರುವ ಅಪ್ಪನ ಅಂಗೈಯಗಲದ ಕನ್ನಡಿಯ ಮುಂದೆ ನಿಲ್ಲುತ್ತೇನೆ. ಅದು ಪುಟ್ಟ ಕನ್ನಡಿ, ಒಮ್ಮೆಗೆ ಪೂರ್ತಿ ಮುಖ ಹಿಡಿಸುವುದಿಲ್ಲ, ಒಂದೊಂದೇ ಕೆನ್ನೆ ನೋಡಿಕೊಳ್ಳಬೇಕು. ನಾನು ಎಡಗೆನ್ನೆಯಿಂದ ಶುರುಮಾಡುತ್ತೇನೆ.